ಎಲೆ ಹೇಳಿದ್ದು, ನಾನು ಕೇಳಿಸಿಕೊಂಡದ್ದು

ತಂಗಿಯ ಮಗಳು ಇಂಗ್ಲೆಂಡಿನ ಎಕ್ಸೆಟರಿನಲ್ಲಿ ಎರಡು ವರ್ಷ ಓದಿ ಮೈಸೂರಿಗೆ ಬಂದಾಗ ನನಗೆಂದು ಒಂದು ಪೆಟ್ಟಿಗೆ ತಂದಿದ್ದಳು. ಒಳಗೊಂದು ಪುಸ್ತಕ, ಜೊತೆಗೆ 62 ಎಲೆಗಳ ಕಟ್ಟು. ಇಸ್ಪೀಟಿನ ಎಲೆಗಿಂತ ದೊಡ್ಡವು. ಕಲಸಲು ಹೋದರೆ ಅಂಗೈ ಸಾಲದು. ಪೆಟ್ಟಿಗೆಯ ಮೇಲೆ ‘ದ ಫೇರೀಸ್ ಒರಾಕಲ್’ ಎಂದಿತ್ತು. ಚಿತ್ರಗಳು ಬ್ರಯನ್ ಫ್ರೌಡ್ ಅವರವು, ಬರಹ ಜೆಸ್ಸಿಕಾ ಮ್ಯಾಕ್‌ಬೆತ್ ಅವರದು, ಪ್ರಕಟವಾದದ್ದು 2000ದಲ್ಲಿ. ಆ ವಾರ ನಮ್ಮಲ್ಲಿ ಅಮ್ಮ ಬಾಳಿ ಬದುಕಿದ ಮನೆಯನ್ನು ಮಾರುವ ಮಾತು ನಡೆದಿತ್ತು. ತಂಗಿಗೆ ಅವಸರ, ನನಗೆ ಮನಸ್ಸಿಲ್ಲ. ರಾತ್ರಿ ಊಟವಾದ ಮೇಲೆ ಹುಡುಗಿ ಮೇಜಿನ ಮೇಲಿನ ತಟ್ಟೆಗಳನ್ನು ಎತ್ತಿಟ್ಟು, ಒದ್ದೆ ಬಟ್ಟೆಯಲ್ಲಿ ಒರೆಸಿ, ಎಲೆಗಳನ್ನೆಲ್ಲ ಮಗುಚಿ ಹರಡಿದಳು. “ದೊಡ್ಡಮ್ಮ, ಮನಸ್ಸಲ್ಲಿ ಒಂದು ಪ್ರಶ್ನೆ ಇಟ್ಕೊಂಡು ಒಂದು ತೆಗೀರಿ” ಅಂದಳು.

ತೆಗೆದೆ. ಎಲೆಯ ಹೆಸರು ‘ಗ್ಲೂಮಿನಸ್ ಡೂಮ್’.

ಹೆಸರು ಓದಿದ ಕೂಡಲೇ ಅವಳ ಮುಖ ಸಪ್ಪಗಾಯಿತು. ಸಮಾಧಾನ ಹೇಳುವವಳಂತೆ ಪುಸ್ತಕದತ್ತ ಕೈ ಚಾಚಿದಳು. ನಾನು ಅವಳ ಕೈ ಹಿಡಿದು, “ತಡಿ, ಪುಸ್ತಕ ಆಮೇಲೆ. ಮೊದಲು ಇದನ್ನ ನೋಡೋಣ” ಅಂದೆ. ಅಲ್ಲಿಂದ ಮುಂದಿನ ಅರ್ಧ ಗಂಟೆ ನಾವಿಬ್ಬರೂ ಒಂದೇ ಒಂದು ಎಲೆಯ ಮೇಲೆ ಬಗ್ಗಿ ಕುಳಿತಿದ್ದೆವು. ಸಾಹಿತ್ಯ ಪಾಠ ಹೇಳಿಕೊಂಡು ಬಂದ ನನಗೆ ಓದುವುದೆಂದರೆ ಏನು ಎಂಬ ಹಳೆಯ ಪ್ರಶ್ನೆ ಅವತ್ತು ಹೊಸದಾಗಿ ಎದುರಾಯಿತು. ಫೇರಿ ಎಲೆಯೊಂದರ ಅರ್ಥ ಎಲ್ಲಿರುತ್ತದೆ? ಚಿತ್ರದಲ್ಲೋ, ಜೊತೆಗೆ ಬರುವ ಪುಸ್ತಕದಲ್ಲೋ, ತೆಗೆದವರ ಮನಸ್ಸಿನಲ್ಲೋ? ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮನ್ನು ತಡೆದು ನಿಲ್ಲಿಸುವ ಎಲೆಯಲ್ಲಿ ಮಾತ್ರ ನಮಗೆ ಸ್ವಂತದ ಅರ್ಥ ಸಿಗುತ್ತದೆ. ಕೇಳುವ ಮೊದಲೇ ಉತ್ತರ ಕೊಡುವ ಎಲೆಯಲ್ಲಿ ಸಿಗುವುದು ಸಾಂತ್ವನ; ಅದು ಯಾರಿಗೆ ಬೇಕಾದರೂ ಹೊಂದುತ್ತದೆ.

ಹೀಗೆ ಪ್ರಶ್ನೆ ಇಟ್ಟುಕೊಂಡು ತೆಗೆಯುವ ಒರಾಕಲ್ ಎಲೆ ಎಂದರೆ ಟ್ಯಾರೋ ಅಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಟ್ಯಾರೋ ಹದಿನೈದನೇ ಶತಮಾನದ ಇಟಲಿಯಲ್ಲಿ ಆಟದ ಎಲೆಯಾಗಿ ಹುಟ್ಟಿತು. ಭವಿಷ್ಯ ನೋಡುವ ಬಳಕೆ ಅದಕ್ಕೆ ಅಂಟಿಕೊಂಡದ್ದು ಹದಿನೆಂಟನೇ ಶತಮಾನದಲ್ಲಿ, ಫ್ರಾನ್ಸಿನಲ್ಲಿ. ಅದಕ್ಕೆ 78 ಎಲೆಗಳ ಲೆಕ್ಕವಿದೆ, ನಾಲ್ಕು ಪಂಗಡಗಳ ಕಟ್ಟುಪಾಡಿದೆ, ತಲೆಮಾರುಗಳಿಂದ ಒಬ್ಬರಿಂದೊಬ್ಬರಿಗೆ ಬಂದ ಅರ್ಥಗಳ ಪರಂಪರೆಯಿದೆ. ಒರಾಕಲ್ ಕಟ್ಟಿಗೆ ಇದು ಯಾವುದೂ ಇಲ್ಲ. ಚಿತ್ರಕಾರರು 44 ಬರೆದರೆ 44, 62 ಬರೆದರೆ 62. ಬೆನ್ನಿಗೆ ಪರಂಪರೆ ಇಲ್ಲದಿರುವುದರಿಂದ ಪ್ರತಿಯೊಂದು ಎಲೆಯೂ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಹಾಗಾಗಿ ಟ್ಯಾರೋ ಕಟ್ಟಿನಲ್ಲಿ ಚಿತ್ರ ಸುಮಾರಾಗಿದ್ದರೂ ಪರಂಪರೆ ಎತ್ತಿ ಹಿಡಿಯುತ್ತದೆ, ಒರಾಕಲ್ ಕಟ್ಟಿನಲ್ಲಿ ಚಿತ್ರ ಸೋತರೆ ಎಲ್ಲವೂ ಸೋತಂತೆ.

ಫ್ರೌಡ್ ಅವರ ಚಿತ್ರ ಸೋಲುವುದಿಲ್ಲ. ಅದಕ್ಕೆ ಕಾರಣ ಅವರು ನೆಲೆಸಿರುವ ನೆಲದಲ್ಲೇ ಇದೆ. 1947ರಲ್ಲಿ ಇಂಗ್ಲೆಂಡಿನ ವಿಂಚೆಸ್ಟರಿನಲ್ಲಿ ಹುಟ್ಟಿದ ಈ ಕಲಾವಿದ ಡೆವನ್ ಸೀಮೆಯ ಡಾರ್ಟ್‌ಮೂರ್ ಅಂಚಿನಲ್ಲಿ ಮನೆ ಮಾಡಿದವರು. ಬೋಳು ಗುಡ್ಡಗಳ ನೆತ್ತಿಯ ಮೇಲೆ ಒಡೆದು ನಿಂತ ಕಗ್ಗಲ್ಲು, ಪಾಚಿ ಹೊದ್ದ ಕುಳ್ಳ ಓಕ್ ಮರಗಳು, ನೋಡನೋಡುತ್ತಿದ್ದಂತೆ ದಾರಿ ಮರೆಸುವ ಮಂಜು — ಅದು ಅಂಥ ಜಾಗ. ನೆರೆಮನೆಯವರಂತೆ ಅದೇ ಸೀಮೆಯಲ್ಲಿದ್ದ ಅಲನ್ ಲೀ ಅವರೊಡನೆ ಸೇರಿ 1978ರಲ್ಲಿ ತಂದ ‘ಫೇರೀಸ್’ ಪುಸ್ತಕದಿಂದ ಫ್ರೌಡ್ ಹೆಸರಾದರು. ಜಿಮ್ ಹೆನ್ಸನ್ ಅವರ ‘ದ ಡಾರ್ಕ್ ಕ್ರಿಸ್ಟಲ್’ (1982), ‘ಲ್ಯಾಬಿರಿಂತ್’ (1986) ಚಿತ್ರಗಳ ಲೋಕವನ್ನು ಕಲ್ಪಿಸಿಕೊಟ್ಟವರೂ ಅವರೇ. 1998ರ ‘ಗುಡ್ ಫೇರೀಸ್, ಬ್ಯಾಡ್ ಫೇರೀಸ್’ ಪುಸ್ತಕದ ಹೆಸರೇ ಅವರ ನಿಲುವನ್ನು ಹೇಳುತ್ತದೆ: ಫೇರಿಗಳಲ್ಲಿ ಒಳ್ಳೆಯವರೂ ಇದ್ದಾರೆ, ಕೆಟ್ಟವರೂ ಇದ್ದಾರೆ. ಎಲೆಗಳ ಕಟ್ಟು ಬಂದದ್ದು ಇದರ ಬೆನ್ನಿಗೆ. ಅವರ ಫೇರಿಗಳ ಮೈಬಣ್ಣ ಒಣಗಿದೆಲೆಯದು, ತೇವದ ಮಣ್ಣಿನದು. ಬೆರಳು ಬೇರಿನಂತೆ, ಮೂಗು ಕೊಂಬೆಯಂತೆ. ಒಂದು ಮುಖ ನೋಡುತ್ತಿದ್ದಂತೆ ಅದರ ಪಕ್ಕದಿಂದ ಇನ್ನೊಂದು ಇಣುಕುತ್ತದೆ. ಚಿತ್ರವನ್ನು ಒಂದೇ ನೋಟಕ್ಕೆ ನೋಡಿ ಮುಗಿಸಿದೆ ಎನ್ನುವಂತಿಲ್ಲ.

ಇಲ್ಲಿ ಶಬ್ದವೊಂದರ ತೊಡಕಿದೆ, ಅದು ಶಬ್ದಕ್ಕಷ್ಟೇ ನಿಲ್ಲುವುದಿಲ್ಲ. ಫೇರಿಯನ್ನು ನಮ್ಮ ಮಕ್ಕಳ ಪುಸ್ತಕಗಳಲ್ಲಿ ಕಿನ್ನರಿ ಎಂದೋ ಯಕ್ಷಿಣಿ ಎಂದೋ ಕರೆದುಕೊಂಡು ಬಂದಿದ್ದೇವೆ. ಕಿನ್ನರಿ ಎಂದೊಡನೆ ನಮಗೆ ವೀಣೆ, ನಾದ, ದೇವಲೋಕದ ಚೆಲುವು ನೆನಪಾಗುತ್ತವೆ. ಹೊಳೆಯುವ ರೆಕ್ಕೆ, ಕೈಯಲ್ಲಿ ಮಂತ್ರದಂಡ ಹಿಡಿದ ಪುಟ್ಟ ಹುಡುಗಿಯ ಚಿತ್ರಕ್ಕೆ ಆ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಆ ಚಿತ್ರವೇ ತಡವಾಗಿ ಬಂದದ್ದು. ಚಿಟ್ಟೆಯ ರೆಕ್ಕೆ ಬಹುಮಟ್ಟಿಗೆ ಹದಿನೆಂಟು, ಹತ್ತೊಂಬತ್ತನೇ ಶತಮಾನದ ಚಿತ್ರಕಾರರ ಕೊಡುಗೆ. 1923ರಲ್ಲಿ ಸಿಸಿಲಿ ಮೇರಿ ಬಾರ್ಕರ್ ಹೂವಿನ ಫೇರಿಗಳ ಪುಸ್ತಕ ತಂದ ಮೇಲೆ ಫೇರಿ ಎಂದರೆ ಮಕ್ಕಳ ಕೋಣೆಯ ಚೆಂದದ ಗೊಂಬೆ ಎಂಬ ಭಾವನೆ ಇನ್ನಷ್ಟು ಗಟ್ಟಿಯಾಯಿತು. ಅದಕ್ಕೂ ಹಿಂದೆ ಐರ್ಲೆಂಡ್, ಸ್ಕಾಟ್ಲೆಂಡ್, ಡೆವನ್, ಕಾರ್ನ್‌ವಾಲ್‌ನ ಹಳ್ಳಿಯವರಿಗೆ ಫೇರಿ ಎಂದರೆ ಭಯ. ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಒಳ್ಳೆಯ ಜನ’ ಎನ್ನುತ್ತಿದ್ದರು. ವೇಲ್ಸಿನಲ್ಲಿ ‘ಚೆಲುವಿನ ಮನೆತನ’. ರಾತ್ರಿ ಹೊತ್ತು ಹಾವನ್ನು ಹುಳ ಎನ್ನುವ, ಸಿಡುಬನ್ನು ಅಮ್ಮ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಗಿಲಿಗೆ ಕಬ್ಬಿಣ ಇಡುತ್ತಿದ್ದರು, ತೊಟ್ಟಿಲ ಮಗುವನ್ನು ಕದ್ದು ತಮ್ಮದನ್ನು ಬಿಟ್ಟುಹೋಗುತ್ತಾರೆಂದು ಹೆದರುತ್ತಿದ್ದರು.

ಆ ಹೆದರಿಕೆ ಬರೀ ಕಥೆಯಲ್ಲ. 1895ರ ಮಾರ್ಚ್‌ನಲ್ಲಿ ಐರ್ಲೆಂಡಿನ ಟಿಪರರಿ ಜಿಲ್ಲೆಯ ಬಲ್ಲಿವಾಡ್ಲಿಯಲ್ಲಿ ಬ್ರಿಜೆಟ್ ಕ್ಲಿಯರಿ ಎಂಬ ಹೆಣ್ಣುಮಗಳು ಕಾಯಿಲೆ ಬಿದ್ದಳು. ಬಟ್ಟೆ ಹೊಲಿದು ಸ್ವಂತ ದುಡಿಮೆ ಮಾಡುತ್ತಿದ್ದವಳು. ಮಲಗಿರುವುದು ನನ್ನ ಹೆಂಡತಿಯಲ್ಲ, ಫೇರಿಗಳು ಅವಳನ್ನು ಒಯ್ದು ತಮ್ಮವಳನ್ನು ಇಲ್ಲಿ ಬಿಟ್ಟಿದ್ದಾರೆ ಎಂದು ಗಂಡ ಮೈಕೇಲ್ ಹಟ ಹಿಡಿದ. ಬಂಧುಗಳ ಕಣ್ಣೆದುರೇ ಅವಳನ್ನು ಸುಟ್ಟ. ಅವನಿಗೆ ಇಪ್ಪತ್ತು ವರ್ಷ ಶಿಕ್ಷೆಯಾಯಿತು. ಎದುರಿಗಿರುವ ಹೆಣ್ಣಿನ ಮುಖವನ್ನು ತನ್ನೊಳಗಿನ ಭಯಕ್ಕೆ ತಕ್ಕಂತೆ ಅರ್ಥೈಸಿಕೊಂಡವನ ಕೆಲಸ ಅದು. ಅರ್ಥ ಹಚ್ಚುವುದು ನಿರಪಾಯದ ಕೆಲಸ ಎಂದುಕೊಂಡಾಗಲೆಲ್ಲ ನನಗೆ ಬ್ರಿಜೆಟ್ ನೆನಪಾಗುತ್ತಾಳೆ. ಫೇರಿ ಎಲೆಗಳ ಕಟ್ಟು ಮಾಡುವವರು ಈ ಕತ್ತಲೆಯನ್ನು ಮರೆಯಬಾರದು. ಫ್ರೌಡ್ ಮರೆತಿಲ್ಲ. ಅವರ ಕಟ್ಟಿನಲ್ಲಿ ಬೆಳಕಿನ ಫೇರಿಗಳ ಜೊತೆಗೆ ಕಾಟ ಕೊಡುವವರೂ, ದಾರಿ ತಪ್ಪಿಸುವವರೂ ಇದ್ದಾರೆ. ಕಳೆದುಹೋದದ್ದನ್ನು ತಂದುಕೊಡುವ ಇಲ್ಬೆ ಇದ್ದಾನೆ; ಸಾವಕಾಶವೇ ಮೈತಾಳಿದಂತೆ ಹೆಸರಿನ ಸ್ವರಗಳನ್ನೂ ಎಳೆದೆಳೆದು ಬರೆಯಬೇಕಾದ ‘ಜೀಯೋ ದ ಸ್ಲೋ’ ಇದ್ದಾನೆ. ನನ್ನ ಪಾಲಿಗೆ ಬಂದ ಗ್ಲೂಮಿನಸ್ ಡೂಮ್ ಕಾಟದವರ ಪೈಕಿ.

ಇದರ ಪಕ್ಕಕ್ಕೆ ಇನ್ನೊಂದು ಕಟ್ಟನ್ನು ಇಟ್ಟು ನೋಡಬೇಕು. 2001ರಲ್ಲಿ ಅಮೆರಿಕದ ಡೊರೀನ್ ವರ್ಚು ‘ಹೀಲಿಂಗ್ ವಿತ್ ದ ಫೇರೀಸ್’ ಎಂಬ 44 ಎಲೆಗಳ ಕಟ್ಟು ತಂದರು. 2008ರಲ್ಲಿ ‘ಮ್ಯಾಜಿಕಲ್ ಮೆಸೇಜಸ್ ಫ್ರಮ್ ದ ಫೇರೀಸ್’ ಬಂತು, ಅದೂ 44. ಒರಾಕಲ್ ಎಲೆಗಳನ್ನು ಜಗತ್ತಿನ ತುಂಬ ಹರಡಿದವರಲ್ಲಿ ಅವರು ಮುಂಚೂಣಿಯವರು. ಆ ಎಲೆಗಳಲ್ಲಿ ಚಿತ್ರದ ಜೊತೆಗೇ ಸಂದೇಶವೂ ಅಚ್ಚಾಗಿರುತ್ತದೆ. ಕಣ್ಣು ಮೊದಲು ಹೋಗುವುದು ಅಕ್ಷರಕ್ಕೆ. ಅಕ್ಷರ ಓದಿದ ಮೇಲೆ ಚಿತ್ರ ಅಲಂಕಾರವಾಗಿಬಿಡುತ್ತದೆ, ಮದುವೆ ಕರೆಯೋಲೆಯ ಅಂಚಿನ ಬಳ್ಳಿಯ ಹಾಗೆ. ಸಂದೇಶಗಳೆಲ್ಲ ಮೃದು, ಎಲ್ಲವೂ ಭರವಸೆ. ದುಃಖದಲ್ಲಿರುವವರಿಗೆ ಭರವಸೆಯ ಮಾತು ಬೇಕೇ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ನನಗೆಂದೇ ಬಂದ ಮಾತಲ್ಲ. ಯಾರು ಕೈ ಚಾಚಿದರೂ ಅದೇ ಸಿಗುತ್ತದೆ. 2017ರಲ್ಲಿ ವರ್ಚು ಕ್ರೈಸ್ತ ನಂಬಿಕೆಗೆ ಬಂದು ತಮ್ಮ ಎಲೆಗಳನ್ನು ತಾವೇ ಬಹಿರಂಗವಾಗಿ ತಳ್ಳಿಹಾಕಿದರು. ಅವರ ಧಾರ್ಮಿಕ ಕಾರಣಗಳ ಚರ್ಚೆ ನನ್ನದಲ್ಲ. ವಿಮರ್ಶೆಯ ದೃಷ್ಟಿಯಿಂದ ನನಗೆ ಮುಖ್ಯವಾದದ್ದು ಇದು: ಮಾಡಿದವರೇ ಕೈಬಿಟ್ಟ ಮೇಲೂ ಆ ಎಲೆಗಳನ್ನು ಹಿಡಿದು ಅರ್ಥ ಕಾಣುವವರು ಇದ್ದಾರೆ. ಹಾಗಾದರೆ ಅರ್ಥದ ಹೊಣೆ ಕರ್ತೃವಿನ ಹತ್ತಿರ ಇರಲಿಲ್ಲ, ಓದುವವರ ಹತ್ತಿರವೇ ಇತ್ತು.

ಓದುವವರ ಹತ್ತಿರ ಇದೆ ಎಂದ ಮಾತ್ರಕ್ಕೆ ಏನು ಬೇಕಾದರೂ ಓದಬಹುದೆ? ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವ ಫೇರಿ ಬರವಣಿಗೆ ನನಗೆ ಹಿಡಿಸುವುದಿಲ್ಲ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನೋವಿಜ್ಞಾನಿ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಆಮೇಲೆ ಒಬ್ಬೊಬ್ಬರಿಗೂ ಅವರವರ ಸ್ವಭಾವದ ವಿವರಣೆ ಎಂದು ಒಂದೊಂದು ಹಾಳೆ ಹಂಚಿದ. ಎಷ್ಟು ಸರಿಯಾಗಿದೆ ಎಂದು ಐದಕ್ಕೆ ಅಂಕ ಕೊಡಿ ಎಂದಾಗ ಸರಾಸರಿ ಬಂದದ್ದು 4.26. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ, ಬೀದಿ ಅಂಗಡಿಯ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡದ್ದು. ‘ಇದು ನನಗೇ ಹೇಳಿದ ಹಾಗಿದೆ’ ಎಂಬ ಪುಳಕವನ್ನು ಎಲೆ ತೆಗೆದ ಪ್ರತಿಯೊಬ್ಬರೂ ಬಲ್ಲರು. ಆ ಪುಳಕ ಹುಸಿಯಲ್ಲ. ಅದು ಸಾಕ್ಷಿಯೂ ಅಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಆಗದವರು ಎಲೆ ಮುಟ್ಟದಿರುವುದೇ ಕ್ಷೇಮ.

ಇನ್ನೊಂದು ಅಪಾಯವನ್ನು ಕಾಟಿಂಗ್ಲಿಯ ಪ್ರಸಂಗದಷ್ಟು ಚೆನ್ನಾಗಿ ತೋರಿಸುವುದು ಬೇರೆ ಇಲ್ಲ. 1917ರಲ್ಲಿ ಯಾರ್ಕ್‌ಷೈರಿನ ಬ್ರಾಡ್‌ಫರ್ಡ್ ಬಳಿಯ ಕಾಟಿಂಗ್ಲಿಯಲ್ಲಿ ಹದಿನಾರರ ಎಲ್ಸಿ ರೈಟ್, ಒಂಬತ್ತರ ಫ್ರಾನ್ಸಿಸ್ ಗ್ರಿಫಿತ್ಸ್ ಮನೆ ಹಿಂದಿನ ಹಳ್ಳದ ಹತ್ತಿರ ಫೇರಿಗಳ ಫೋಟೊ ತೆಗೆದರು. ಮೊದಲ ಫೋಟೊ ನೀವೂ ಕಂಡಿರಬಹುದು. ಗಲ್ಲಕ್ಕೆ ಕೈಕೊಟ್ಟು ಫ್ರಾನ್ಸಿಸ್ ನಿಂತಿದ್ದಾಳೆ, ಅವಳೆದುರು ನಾಲ್ವರು ಪುಟಾಣಿಗಳು ಕುಣಿಯುತ್ತಿದ್ದಾರೆ. ಹುಡುಗಿ ಅವರತ್ತ ನೋಡುತ್ತಿಲ್ಲ, ಕ್ಯಾಮೆರಾದತ್ತ ನೋಡುತ್ತಿದ್ದಾಳೆ. ಥಿಯಾಸಫಿಕಲ್ ಸೊಸೈಟಿಯ ಎಡ್ವರ್ಡ್ ಗಾರ್ಡ್‌ನರ್ ಮೂಲಕ ಫೋಟೊಗಳು ಷರ್ಲಾಕ್ ಹೋಮ್ಸ್‌ನ ಕರ್ತೃ ಆರ್ಥರ್ ಕಾನನ್ ಡಾಯ್ಲ್ ಕೈಗೆ ಬಂದವು. 1920ರ ಡಿಸೆಂಬರ್‌ನಲ್ಲಿ ಅವರು ‘ದ ಸ್ಟ್ರ್ಯಾಂಡ್’ ಪತ್ರಿಕೆಯಲ್ಲಿ ಅವು ನಿಜವೆಂದು ಬರೆದರು. ಎರಡನೆಯ ಫೋಟೊದಲ್ಲಿ ಎಲ್ಸಿಯ ಜೊತೆ ಒಬ್ಬ ಕುಳ್ಳ ಇದ್ದಾನೆ, ಅವನ ಹೊಟ್ಟೆಯ ನಡುವೆ ಒಂದು ಚುಕ್ಕೆ. ಡಾಯ್ಲ್ ಅದನ್ನು ಹೊಕ್ಕುಳೆಂದು ಓದಿ, ಫೇರಿಗಳಲ್ಲೂ ಹೆರಿಗೆ ಮನುಷ್ಯರಂತೆಯೇ ಇರಬಹುದು ಎಂದು ಊಹಿಸಿದ್ದನ್ನು ಈ ಪ್ರಕರಣ ಬರೆದವರು ದಾಖಲಿಸಿದ್ದಾರೆ. ಅದು ಹ್ಯಾಟಿಗೆ ಚುಚ್ಚುವ ಪಿನ್ನಿನ ಮೊನೆ. ಮಕ್ಕಳ ಪುಸ್ತಕವೊಂದರ ಚಿತ್ರ ನೋಡಿ ಬರೆದು, ಕತ್ತರಿಸಿ, ಪಿನ್ನು ಚುಚ್ಚಿ ನಿಲ್ಲಿಸಿದ ಕಾಗದಗಳು ಅವು ಎಂದು ಇಬ್ಬರೂ 1983ರಲ್ಲಿ, ಮುಪ್ಪಿನಲ್ಲಿ, ಒಪ್ಪಿಕೊಂಡರು. ಕೊನೆಯ ಐದನೆಯ ಫೋಟೊ ಮಾತ್ರ ನಿಜವೆಂದು ಫ್ರಾನ್ಸಿಸ್ ಸಾಯುವವರೆಗೂ ಹೇಳುತ್ತಿದ್ದಳು.

ಡಾಯ್ಲ್ ದಡ್ಡರಲ್ಲ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿನ ಆಸುಪಾಸಿನಲ್ಲಿ ಮಗನನ್ನು, ತಮ್ಮನನ್ನು ಕಳೆದುಕೊಂಡ ತಂದೆ ಅವರು. ಕಣ್ಣಿಗೆ ಕಾಣದ ಲೋಕವೊಂದು ಇರಲೇಬೇಕಿತ್ತು ಅವರಿಗೆ. ಬೇಕಾದದ್ದನ್ನು ಕಾಣುವ ಆ ಕಣ್ಣು ನಮ್ಮೆಲ್ಲರದ್ದೂ. ಎಲೆಯ ಮುಂದೆ ಕೂತಾಗ ಪಿನ್ನು ಯಾವುದು, ಹೊಕ್ಕುಳು ಯಾವುದು ಎಂದು ಕೇಳಿಕೊಳ್ಳಲೇಬೇಕು. ಎಲೆಯಲ್ಲಿ ನಿಜವಾಗಿ ಇರುವುದೇನು, ನಾನು ತಂದು ಹಚ್ಚಿದ್ದೇನು?

ಆ ರಾತ್ರಿ ನಾವು ಮಾಡಿದ್ದು ಅದನ್ನೇ. ಎಲೆಯಲ್ಲಿ ಖಂಡಿತವಾಗಿ ಇದ್ದದ್ದು ಹೆಸರು. ಹುಡುಗಿಗೆ ಅದರಲ್ಲಿ ಕಂಡದ್ದು ಬರೀ ಕತ್ತಲೆ: ಗ್ಲೂಮ್, ಡೂಮ್. ನಾನು ಅದನ್ನು ಒಂದು ಕಾಗದದಲ್ಲಿ ಬಿಡಿಸಿ ಬರೆದೆ. ಗ್ಲೂಮಿನಸ್ ಎಂಬ ಮಾತು ನಿಘಂಟಿನಲ್ಲಿಲ್ಲ, ಕಟ್ಟಿದ ಮಾತು. ಒಳಗೆ ಗ್ಲೂಮ್ ಇದೆ, ಮಂಕು. ಅಪಶಕುನ ಎನ್ನಲು ಇಂಗ್ಲಿಷಿನವರು ಬಳಸುವ ಆಮಿನಸ್ ಇದೆ. ಇನ್ನೂ ಬಗ್ಗಿ ನೋಡಿದರೆ ಲೂಮಿನಸ್ ಇದೆ, ತನ್ನಿಂದ ತಾನೇ ಬೆಳಗುವುದು. ಮಂಕಿನ ಒಡಲಲ್ಲೇ ಬೆಳಕನ್ನು ಅಡಗಿಸಿಟ್ಟ ಹೆಸರು. ಇನ್ನು ಡೂಮ್. ಇವತ್ತು ಅದಕ್ಕೆ ವಿನಾಶ ಎಂದು ಅರ್ಥ. ಹಳೆಯ ಇಂಗ್ಲಿಷಿನಲ್ಲಿ ಅದು ‘ಡೋಮ್’, ಅರ್ಥ ತೀರ್ಪು. ದೊರೆ ವಿಲಿಯಂ 1086ರಲ್ಲಿ ಮಾಡಿಸಿದ ಭೂಮಿಯ ದಾಖಲೆಗೆ ಜನ ‘ಡೂಮ್ಸ್‌ಡೇ ಬುಕ್’ ಎಂದು ಹೆಸರಿಟ್ಟದ್ದು ಅದರಲ್ಲಿ ಬರೆದದ್ದಕ್ಕೆ ಮೇಲ್ಮನವಿ ಇಲ್ಲ ಎಂಬ ಕಾರಣಕ್ಕೆ.

ಇಲ್ಲಿಯವರೆಗೆ ಎಲೆಯಲ್ಲಿ ಇರುವುದು. ಇದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಇದರ ಆಚೆಗಿನದು ನನ್ನದು. ಕಾಗದದ ಮೇಲೆ ‘ತೀರ್ಪು’ ಎಂದು ಬರೆದವಳೇ ನಾನು ಪೆನ್ನು ಕೆಳಗಿಟ್ಟೆ. ಮನೆ ಮಾರುವುದು ಬೇಡವೆಂದು ಎರಡು ವರ್ಷದಿಂದ ನಾನು ಹೇಳುತ್ತಿರಲಿಲ್ಲ. ಮಾರೋಣ ಎಂದೂ ಹೇಳುತ್ತಿರಲಿಲ್ಲ. ಮಳೆಗಾಲ ಕಳೆಯಲಿ, ಖಾತೆಯ ಕಾಗದ ಸರಿಯಾಗಲಿ, ಹುಡುಗಿ ವಿದೇಶದಿಂದ ಬರಲಿ ಎನ್ನುತ್ತಿದ್ದೆ. ಅಮ್ಮನ ಅಡುಗೆಮನೆಯ ಒರಳುಕಲ್ಲು, ಹಿತ್ತಲ ಸಂಪಿಗೆ, ಅವಳು ಒರಗಿ ಕೂರುತ್ತಿದ್ದ ಕಂಬದ ಮೇಲೆ ಉಳಿದ ಎಣ್ಣೆಯ ಕಲೆ — ಅವನ್ನೆಲ್ಲ ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೇ, ಸುಳ್ಳಲ್ಲ. ಆದರೆ ಅದರ ಮರೆಯಲ್ಲಿ ನಾನು ಒಂದು ತೀರ್ಪನ್ನು ಮುಂದೂಡುತ್ತಿದ್ದೆ, ಆ ಮುಂದೂಡಿಕೆಯೇ ಮನೆಮಂದಿಯ ಮೇಲೆ ಕವಿದ ಮಂಕು. “ಹಾಗಾದರೆ ಮಾರಿ ಅಂತ ಹೇಳ್ತಿದೆಯಾ ಇದು?” ಎಂದು ಹುಡುಗಿ ಕೇಳಿದಳು. ಇಲ್ಲ. ಮಾರು ಎಂದೂ ಹೇಳಲಿಲ್ಲ, ಉಳಿಸು ಎಂದೂ ಹೇಳಲಿಲ್ಲ. ನಾನು ಏನನ್ನು ಮಾಡದೆ ಕೂತಿದ್ದೇನೆ ಎಂಬುದನ್ನು ಎಲೆಯ ನೆಪದಲ್ಲಿ ನಾನೇ ನೋಡಿಕೊಂಡೆ.

ಆಗ ಪುಸ್ತಕ ತೆರೆಯಲು ಬಿಟ್ಟೆ. ಮ್ಯಾಕ್‌ಬೆತ್ ಅವರ ಬರಹದಲ್ಲಿ ನನಗೆ ಗೌರವ ಹುಟ್ಟಿಸುವುದು ಅದರ ವಿನಯ. ಪ್ರತಿ ಎಲೆಗೂ ಅವರು ಕೊಡುವುದು ಆರಂಭಕ್ಕೊಂದು ಓದು, ತಲೆಕೆಳಗಾಗಿ ಬಂದರೆ ಬೇರೊಂದು ಓದು. ಅದೇ ಕೊನೆಯ ಮಾತೆಂದು ಎಲ್ಲೂ ಹೇಳುವುದಿಲ್ಲ. ನಿಮ್ಮ ಅರ್ಥವನ್ನು ನೀವು ಬೆಳೆಸಿಕೊಳ್ಳಿ ಎಂಬುದೇ ಪುಸ್ತಕದ ಧೋರಣೆ. ಆದರೂ ಒಂದು ಕೊರತೆ ಉಳಿಯುತ್ತದೆ. ಬಹಳಷ್ಟು ಕಡೆ ಅವರ ದನಿ ಫೇರಿಗಳನ್ನು ಹತ್ತಿರದ ಗೆಳೆಯರಂತೆ ಪರಿಚಯಿಸುತ್ತದೆ, ಅವರ ತುಂಟತನಕ್ಕೆ ನಗುತ್ತದೆ. ಚಿತ್ರ ಹೆದರಿಸುವ ಕಡೆಯಲ್ಲೂ ಬರಹ ಬೆನ್ನು ತಟ್ಟುತ್ತದೆ. ಫ್ರೌಡ್ ತೋರಿಸುವ ಕಾಡು ಮ್ಯಾಕ್‌ಬೆತ್ ಅವರ ಮಾತಿನಲ್ಲಿ ಒಮ್ಮೊಮ್ಮೆ ತೋಟವಾಗುತ್ತದೆ. ಅದಕ್ಕೇ ಪುಸ್ತಕ ಎರಡನೆಯದಾಗಿ ಬರಬೇಕು ಎನ್ನುವುದು.

ತಲೆಕೆಳಗಾದ ಎಲೆಯ ಬಗ್ಗೆ ಒಂದು ಮಾತು. ಹಲವರು ಅದನ್ನು ಬರೀ ವಿರುದ್ಧಾರ್ಥ ಎಂದು ಓದಿ ಮುಗಿಸುತ್ತಾರೆ. ಸುಖ ತಲೆಕೆಳಗಾದರೆ ದುಃಖ. ಫ್ರೌಡ್ ಇರುವ ಡೆವನ್ನಿನ ಹಳ್ಳಿಗಳಲ್ಲೇ ಇದಕ್ಕಿಂತ ಒಳ್ಳೆಯ ದಾರಿಯೊಂದಿದೆ. ಅಲ್ಲಿನ ಪಿಕ್ಸಿ ಎಂಬ ಫೇರಿಗಳು ಗೊತ್ತಿರುವ ಬಯಲಿನಲ್ಲೇ ಮನುಷ್ಯನನ್ನು ಸುತ್ತಿಸುತ್ತವೆ, ದಾಟಿ ಬಂದ ಗೇಟೇ ಸಿಗದಂತೆ ಮಾಡುತ್ತವೆ ಎಂದು ನಂಬಿಕೆ. ಬಿಡಿಸಿಕೊಳ್ಳುವ ಉಪಾಯ ಒಂದೇ: ತೊಟ್ಟ ಕೋಟನ್ನು ಕಳಚಿ, ಒಳಮಗ್ಗುಲು ಹೊರಗೆ ಮಾಡಿ ಮತ್ತೆ ತೊಡುವುದು. ಕೋಟು ಅದೇ, ಮೈ ಅದೇ, ಇಷ್ಟು ಹೊತ್ತು ಒಳಗೆ ಅಡಗಿದ್ದ ಹೊಲಿಗೆ ಈಗ ಹೊರಗೆ ಕಾಣುತ್ತದೆ. ತಲೆಕೆಳಗಾದ ಎಲೆಯನ್ನು ನಾನು ಓದುವುದು ಈ ಕೋಟಿನಂತೆ. ಮಂಕು ತಲೆಕೆಳಗಾದರೆ ಸಂತೋಷ ಎಂದಲ್ಲ. ಆ ಮಂಕನ್ನು ಯಾವ ದಾರದಿಂದ ಹೊಲಿದುಕೊಂಡಿದ್ದೇನೆ ಎಂದು ನೋಡುವುದು.

ನಮ್ಮ ಗಿಳಿಶಾಸ್ತ್ರಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಗೆಳತಿಯೊಬ್ಬಳು ಕೇಳಿದ್ದಳು. ಗಿಳಿ ಎತ್ತಿಕೊಡುವ ಚೀಟಿಯಲ್ಲಿ ದೇವರ ಚಿತ್ರವಿರುತ್ತದೆ. ರಾಮ ಬಂದರೂ ಶನಿ ಬಂದರೂ ಅವರ ಪುರಾಣ ನಮಗೆ ಮೊದಲೇ ಗೊತ್ತು, ಉಳಿದದ್ದನ್ನು ಶಾಸ್ತ್ರ ಹೇಳುವವನು ಹೇಳುತ್ತಾನೆ. ಕೇಳುವವಳು ಕೇಳಿಸಿಕೊಂಡರೆ ಸಾಕು. ಫ್ರೌಡ್ ಅವರ ಗ್ಲೂಮಿನಸ್ ಡೂಮ್‌ಗೆ ಪುರಾಣವಿಲ್ಲ, ಗುಡಿಯಿಲ್ಲ, ಅಜ್ಜಿ ಹೇಳಿದ ಕಥೆಯಿಲ್ಲ. ಕನ್ನಡ ಓದುವ ನನಗಂತೂ ಅವನು ಪೂರಾ ಅಪರಿಚಿತ. ಆ ಅಪರಿಚಯವೇ ನನಗೆ ಉಪಕಾರ ಮಾಡಿತು, ಗೊತ್ತಿಲ್ಲದ್ದರಿಂದ ನೋಡಬೇಕಾಯಿತು.

ಇನ್ನು ನನ್ನನ್ನು ಬಹಳ ನೋಯಿಸಿದ ಸಂಗತಿ. ನನ್ನ ಪರಿಚಯದ ಹೆಣ್ಣುಮಗಳೊಬ್ಬಳು ದಿನಾ ಬೆಳಿಗ್ಗೆ ಒಂದು ಎಲೆ ತೆಗೆಯುತ್ತಿದ್ದಳು. ಯಾವ ಕಟ್ಟು ಎಂಬುದು ಇಲ್ಲಿ ಮುಖ್ಯವಲ್ಲ. ಮೊದಲು ಒಂದೇ ಎಲೆ. ಇಷ್ಟವಾಗದಿದ್ದರೆ ಇನ್ನೊಂದು. ಆಮೇಲೆ ಇಷ್ಟವಾಗುವುದು ಬರುವವರೆಗೂ. ಎದೆಯಲ್ಲಿ ಗಂಟು ಕಾಣಿಸಿಕೊಂಡಾಗಲೂ ಅವಳು ಎಲೆಯನ್ನೇ ಕೇಳಿದಳು, ವಾಸಿಯಾಗುವ ಮಾತು ಬರುವ ತನಕ ತೆಗೆದಳು. ನಾಲ್ಕು ತಿಂಗಳು ಹೋದವು. ಅವಳು ಈಗ ಚಿಕಿತ್ಸೆಯಲ್ಲಿದ್ದಾಳೆ, ಆ ನಾಲ್ಕು ತಿಂಗಳು ಮರಳಿ ಬರುವುದಿಲ್ಲ. ಇಷ್ಟವಾದದ್ದು ಬರುವವರೆಗೆ ಎಲೆ ತೆಗೆಯುವುದು ಓದಲ್ಲ. ಡಾಯ್ಲ್ ಪಿನ್ನಿನ ಮೊನೆಯಲ್ಲಿ ಹೊಕ್ಕುಳು ಕಂಡರು, ಇವಳು ಹೊಕ್ಕುಳು ಕಾಣುವವರೆಗೆ ಫೋಟೊ ಬದಲಿಸಿದಳು. ಎಲೆ ಮಾರುವವರು, ದುಡ್ಡು ತೆಗೆದುಕೊಂಡು ಎಲೆ ಓದಿ ಹೇಳುವವರು ಇದನ್ನು ಮೊದಲ ಪುಟದಲ್ಲೇ, ಮೊದಲ ಮಾತಿನಲ್ಲೇ ಎಚ್ಚರಿಸಬೇಕು. ದೇಹದ ಪ್ರಶ್ನೆಗೆ ವೈದ್ಯರು, ಆಸ್ತಿಯ ಕಾಗದಕ್ಕೆ ವಕೀಲರು. ನನ್ನ ಎಲೆ ನನ್ನ ಹಿಂಜರಿಕೆಯನ್ನು ತೋರಿಸಿತು. ಖಾತೆಯಲ್ಲಿದ್ದ ದೋಷವನ್ನು ತೋರಿಸಿದ್ದು ವಕೀಲರು.

ಹಾಗಾದರೆ ಫ್ರೌಡ್ ಅವರ ಕಟ್ಟಿನ ಬೆಲೆ ಏನು? ಭವಿಷ್ಯ ಹೇಳುವ ಸಾಧನವಾಗಿ ಏನೂ ಇಲ್ಲ. ಕಲಾಕೃತಿಯಾಗಿ, ತನ್ನನ್ನು ತಾನು ಕೇಳಿಕೊಳ್ಳುವ ಸಾಧನವಾಗಿ ಬಹಳ ಇದೆ. ಕಲಸಿ ತೆಗೆಯುವುದು ಆಕಸ್ಮಿಕ, ಅದೇ ಅದರ ಉಪಯೋಗ. ನನ್ನಷ್ಟಕ್ಕೆ ಬಿಟ್ಟಿದ್ದರೆ ನಾನು ಮಂಕಿನ ಫೇರಿಯನ್ನು ಆರಿಸಿಕೊಳ್ಳುತ್ತಿರಲಿಲ್ಲ, ಬೆಳಕಿನ ಯಾವಳನ್ನೋ ಎತ್ತಿಕೊಂಡು ಅಮ್ಮನನ್ನು ನೆನೆದು ಕಣ್ಣೊರೆಸಿಕೊಂಡು ಮಲಗುತ್ತಿದ್ದೆ. ನಾನು ಆರಿಸದೇ ಇರುವ ಚಿತ್ರವನ್ನು ನನ್ನ ಮುಂದೆ ಇಟ್ಟದ್ದು ಆಕಸ್ಮಿಕ. ಆ ಚಿತ್ರಕ್ಕೆ ನನ್ನನ್ನು ಅರ್ಧ ಗಂಟೆ ಹಿಡಿದು ಕೂರಿಸುವ ಶಕ್ತಿ ಇದ್ದದ್ದು ಮಾತ್ರ ಆಕಸ್ಮಿಕವಲ್ಲ. ಅದು ವರ್ಷಗಟ್ಟಲೆ ಒಂದೇ ಮಣ್ಣನ್ನು, ಒಂದೇ ಬೇರನ್ನು ನೋಡಿ ನೋಡಿ ಬರೆದ ಕೈಯದು.

ನಿಮ್ಮ ಕೈಗೆ ಇಂಥ ಕಟ್ಟು ಬಂದರೆ ಒಂದೇ ಎಲೆ ತೆಗೆಯಿರಿ, ಎರಡನೆಯದನ್ನು ಮುಟ್ಟಬೇಡಿ. ಪುಸ್ತಕವನ್ನು ಬೇರೆ ಕೋಣೆಯಲ್ಲಿಡಿ. ಎಲೆಯಲ್ಲಿ ಇರುವುದನ್ನು ಹಾಳೆಯ ಒಂದು ಬದಿಗೆ ಬರೆಯಿರಿ, ನಿಮಗೆ ಹೊಳೆದದ್ದನ್ನು ಇನ್ನೊಂದು ಬದಿಗೆ, ಎರಡನ್ನೂ ಬೆರೆಸಬೇಡಿ. ಸಾಧ್ಯವಾದರೆ ನಿಮ್ಮನ್ನು ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ನನ್ನ ಪಕ್ಕದಲ್ಲಿ ಆ ಹುಡುಗಿ ಕೂತಿದ್ದ ಹಾಗೆ.